ಸವೆಯುವುದೂ ಸುಮ್ಮನಿರುವುದೂ

ಹೋದ ವರ್ಷ ಬೇಸಿಗೆ ರಜೆಯಲ್ಲಿ, ಅಲ್ಲಿ ಓದುತ್ತಿರುವ ಮಗಳನ್ನು ನೋಡಲೆಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿದ್ದೆ. ರೈನ್ ನದಿಯ ದಡದಲ್ಲಿ ಜಾನ್ ಟ್ಯಾಂಗ್ಲಿ ಎಂಬ ಶಿಲ್ಪಿಯ ಹೆಸರಿನದೊಂದು ಮ್ಯೂಸಿಯಂ ಇದೆ. ಆತ ತೀರಿಕೊಂಡದ್ದು 1991ರಲ್ಲಿ; ಮ್ಯೂಸಿಯಂ ತೆರೆದದ್ದು 1996ರಲ್ಲಿ. ಈತನ ಶಿಲ್ಪಗಳಿಗೆ ಕಲ್ಲೂ ಬೇಡ, ಉಳಿಯೂ ಬೇಡ. ಗುಜರಿಯಲ್ಲಿ ಸಿಗುವ ಚಕ್ರ, ಬೆಲ್ಟು, ಡ್ರಮ್ಮು, ಹಳೆಯ ವಾದ್ಯಗಳು, ಇವನ್ನೆಲ್ಲ ಆಡಿಸಲು ಮೋಟಾರು. ಗುಂಡಿ ಒತ್ತಿದೊಡನೆ ಎಲ್ಲವೂ ಕಿರುಗುಟ್ಟುತ್ತ, ಬಡಿಯುತ್ತ, ಕುಂಟುತ್ತ ಎದ್ದುಬಿಡುತ್ತವೆ, ಕೊನೆಯ ಪೀರಿಯಡ್ಡಿನಲ್ಲಿ ಮೇಷ್ಟ್ರಿಲ್ಲದ ಏಳನೇ ತರಗತಿಯ ಹಾಗೆ. ನನಗೆ ನಗು ತಡೆಯಲಾಗಲಿಲ್ಲ. ‘ಮೆಲ್ಲಗೆ ನಗಮ್ಮ’ ಎಂದಳು ಮಗಳು. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು!

ಸ್ವಲ್ಪ ಹೊತ್ತಿಗೆ ಯಂತ್ರ ನಿಂತಿತು. ಮತ್ತೆ ಗುಂಡಿ ಒತ್ತಿದೆ, ಏಳಲಿಲ್ಲ. ಒಂದು ಸಲ ಆಡಿದ ಮೇಲೆ ಅದಕ್ಕೆ ಕೆಲವು ನಿಮಿಷ ವಿಶ್ರಾಂತಿಯಂತೆ. ಇಲ್ಲವಾದರೆ ಸವೆದುಹೋಗುತ್ತದೆ.

ಅಲ್ಲೇ ನನ್ನ ತಲೆ ಕೆಟ್ಟದ್ದು. ಆಡಿಸಿದರೆ ಸವೆಯುತ್ತದೆ, ನಿಜ. ಆಡದಿದ್ದರೆ ಅದು ಮತ್ತೆ ಗುಜರಿಯೇ ಅಲ್ಲವೇ? ಹಾಗಿದ್ದ ಮೇಲೆ ಅವರು ಕಾಪಾಡುತ್ತಿರುವುದು ಯಾವುದನ್ನು? ಟ್ಯಾಂಗ್ಲಿಗಂತೂ ಸವೆಯುವ ಭಯವಿರಲಿಲ್ಲ. 1960ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಮ್ಮಿನ ತೋಟದಲ್ಲಿ ಪಿಯಾನೊ, ಸೈಕಲ್ ಚಕ್ರಗಳನ್ನೆಲ್ಲ ಸೇರಿಸಿ, ತನ್ನನ್ನು ತಾನೇ ಮುರಿದುಕೊಳ್ಳುವ ಯಂತ್ರವೊಂದನ್ನು ಕಟ್ಟಿದ್ದ. ಅರ್ಧ ಗಂಟೆಯೊಳಗೆ ಅದರ ಕಥೆ ಮುಗಿಯಿತು. ಕೊನೆಗೆ ಬೆಂಕಿ ಆರಿಸುವವರು ಬರಬೇಕಾಯಿತು. ಅದೂ ನನಗೆ ಒಪ್ಪಿಗೆಯಾಗಲಿಲ್ಲ. ಇದ್ದದ್ದನ್ನೆಲ್ಲ ಒಂದೇ ಸಂಜೆ ಸುಟ್ಟುಬಿಡುವುದು ಗಂಡಸರ ಹುಂಬತನ ಅನ್ನಿಸಿತು.

ಆದರೆ ನನ್ನನ್ನು ಕಾಡಿದ್ದು ಟ್ಯಾಂಗ್ಲಿ ಅಲ್ಲ, ನನ್ನಮ್ಮ. ಅವಳಿಗೀಗ ಎಂಬತ್ತೊಂದು. ಐದು ವರ್ಷದ ಹಿಂದಿನವರೆಗೂ ಬೆಳಗಿನ ಜಾವ ಅಡಿಗೆಮನೆಯ ಕಂಬಕ್ಕೆ ಹಗ್ಗ ಕಟ್ಟಿ ಮೊಸರು ಕಡೆಯುತ್ತಿದ್ದಳು. ಆ ಸದ್ದಿಗೇ ನಾವು ಏಳುತ್ತಿದ್ದದ್ದು. ಭುಜ ನೋವೆಂದಳು, ಡಾಕ್ಟರು ಕೈಗೆ ವಿಶ್ರಾಂತಿ ಕೊಡಿ ಎಂದರು. ಆ ಸಂಜೆಯೇ ಮಿಕ್ಸಿ ತಂದೆ, ಕಡಗೋಲನ್ನು ಅಟ್ಟಕ್ಕೆ ಹಾಕಿದೆ. ಎಷ್ಟು ಒಳ್ಳೆಯ ಮಗಳು ಎಂದು ಅಕ್ಕಪಕ್ಕದವರು ಹೊಗಳಿದರು. ಅಮ್ಮ ಏನೂ ಅನ್ನಲಿಲ್ಲ. ಕ್ರಮೇಣ ಹಾಲು ಬಂತೇ, ಹೆಪ್ಪು ಹಾಕಿದೆಯಾ ಎಂದು ಕೇಳುವುದನ್ನೂ ಬಿಟ್ಟಳು. ಭುಜವೇನೋ ವಾಸಿಯಾಗಿತ್ತು.

ಯಂತ್ರ ಎಷ್ಟು ಹೊತ್ತು ಆಡಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ಮ್ಯೂಸಿಯಮ್ಮಿನವರು ತೀರ್ಮಾನಿಸಬಹುದು. ಯಂತ್ರವನ್ನು ಕೇಳಲಾಗುವುದಿಲ್ಲವಲ್ಲ. ಅಮ್ಮನನ್ನು ಕೇಳಬಹುದಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿಯೇ ಸಂಬಳ ತೆಗೆದುಕೊಂಡವಳು, ಮನೆಯಲ್ಲಿ ಆ ಒಂದು ಪ್ರಶ್ನೆ ಕೇಳಿರಲಿಲ್ಲ.

ಊರಿಗೆ ಬಂದವಳೇ ಅಟ್ಟ ಹತ್ತಿ ಕಡಗೋಲು ಇಳಿಸಿದೆ. ಹಗ್ಗವನ್ನು ಇಲಿ ಕಡಿದಿತ್ತು, ಹೊಸದು ತಂದೆ. ‘ವಾರಕ್ಕೆ ಎರಡು ದಿನ ಕಡೆದರೆ ಸಾಕೇನಮ್ಮ?’ ಎಂದು ಕೇಳಿದೆ.

‘ಮೊಸರೇನು ನಿನ್ನ ಟೈಮ್‌ಟೇಬಲ್ ನೋಡಿ ಹೆಪ್ಪಾಗುತ್ತೇನೆ?’ ಎಂದಳು.

ಈಗ ಅವಳಿಗೆ ಮನಸ್ಸು ಬಂದ ದಿನ ಸದ್ದು ಕೇಳುತ್ತದೆ. ಅಂಥ ದಿನ ರಾತ್ರಿ ಭುಜಕ್ಕೆ ಎಣ್ಣೆ ತಿಕ್ಕುತ್ತೇನೆ. ಡಾಕ್ಟರಿಗೆ ಇನ್ನೂ ಹೇಳಿಲ್ಲ.