ಬೇರಿನ ಮಣ್ಣು

ಉಳ್ಳಾಗಡ್ಡಿ ತಪ್ಪಲ ಸ್ವಚ್ಛ ಮಾಡುವುದು ತಾಳ್ಮೆಯ ಕೆಲಸ. ಸೂಡು ಬಿಚ್ಚಬೇಕು, ಬೇರು ಕೊಯ್ಯಬೇಕು, ಬಾಡಿದ ಎಲೆ ತೆಗೆದು ಹೊರಗಿನ ತೆಳು ಪದರು ಸುಲಿಯಬೇಕು. ಎಲೆಗಳು ಕವಲೊಡೆಯುವಲ್ಲಿ ಮಣ್ಣು ಅಡಗಿ ಕೂತಿರುತ್ತದೆ. ಅದನ್ನು ಬೆರಳಿನಿಂದ ಬಿಡಿಸಿ ತೊಳೆಯದಿದ್ದರೆ, ರೊಟ್ಟಿಯ ಜೊತೆಗಿನ ಝುಣಕ ಬಾಯಲ್ಲಿ ಕರಕರ ಎನ್ನುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಎರಿಮಣ್ಣಂತೂ ಹಸಿಯಿದ್ದಾಗ ಅಂಟಿತೆಂದರೆ ಬೇಗ ಬಿಡುವುದಿಲ್ಲ.

"ಏನವಾ, ತಪ್ಪಲಕಿಂತ ಮಣ್ಣ ಹೆಚ್ಚ ಐತೆಲ್ಲ?" ಎಂದು ಸಂತೆಯಲ್ಲಿ ನಾವು ಕೇಳುತ್ತೇವೆ. "ಮಣ್ಣಾಗ ಬೆಳದದ್ದಕ್ಕ ಮಣ್ಣ ಇರೂದ ಅಲ್ಲೇನ್ರಿ ಅಕ್ಕಾರ" ಎಂದು ಮಾರುವವಳು ನಗುತ್ತಾಳೆ. ಆ ಮಾತು ವ್ಯಾಪಾರದ ಜಾಣತನವಷ್ಟೇ ಅಲ್ಲ.

ಉಳ್ಳಾಗಡ್ಡಿಯ ಬಳಗದ್ದೇ ಆದ ಲೀಕ್ ಎಂಬ ತರಕಾರಿಯನ್ನು ಯುರೋಪಿನವರು ಬಹಳ ಬಳಸುತ್ತಾರೆ. ಅದು ನಮ್ಮ ಉಳ್ಳಾಗಡ್ಡಿಯಂತೆ ಗುಂಡಗೆ ಗಡ್ಡೆ ಕಟ್ಟುವುದಿಲ್ಲ. ದಪ್ಪ ದಂಟೇ ಅದರ ತಿನ್ನುವ ಭಾಗ. ಗಿಡ ಬೆಳೆದಂತೆ ರೈತರು ಬುಡಕ್ಕೆ ಮಣ್ಣು ಏರಿಸುತ್ತ ಹೋಗುತ್ತಾರೆ. ಬಿಸಿಲು ತಾಗದ ಭಾಗ ಬೆಳ್ಳಗೆ, ಮೆತ್ತಗೆ ಆಗುತ್ತದೆ. ಹಾಗೆ ಏರಿಸಿದ ಮಣ್ಣೇ ಪದರುಗಳ ನಡುವೆ ಸೇರಿಕೊಳ್ಳುವುದರಿಂದ ಅಡುಗೆಗೆ ಮೊದಲು ದಂಟನ್ನು ಉದ್ದಕ್ಕೆ ಸೀಳಿ, ಪದರು ಬಿಡಿಸಿ ತೊಳೆಯಬೇಕು. ನಮ್ಮ ತಪ್ಪಲದಲ್ಲೂ ಅಷ್ಟೆ: ಬಿಸಿಲು ಕಂಡದ್ದು ಹಸಿರು, ನೆಲದೊಳಗಿದ್ದದ್ದು ಬಿಳಿ. ನಾವು ಮೆಚ್ಚಿ ಆರಿಸುವ ಬಿಳುಪು ಮಣ್ಣೇ ಕಾಯ್ದು ಕೊಟ್ಟದ್ದು.

ಹಾಗಾದರೆ ತೊಳೆಯುವಾಗ ಆ ಮಣ್ಣು ಹೊಲಸಾದದ್ದು ಹೇಗೆ? ಕೊಳೆ ಎಂಬುದು ವಸ್ತುವಿನ ಗುಣವಲ್ಲ, ಅದು ಇರಬಾರದ ಜಾಗದಲ್ಲಿರುವುದೇ ಕೊಳೆ ಎಂಬ ವಿಚಾರವನ್ನು ಇಂಗ್ಲೆಂಡಿನ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರ ತಮ್ಮ ಪುಸ್ತಕದಲ್ಲಿ ವಿಸ್ತರಿಸಿ ಬರೆದರು. ಹೊಲದಲ್ಲಿ ಅನ್ನ ಕೊಡುವ ಮಣ್ಣು ತಾಟಿನಲ್ಲಿ ಬೇಡವಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ತೊಳೆಯಲೇಬೇಕು.

ಆದರೆ ನಮ್ಮ ಮನಸ್ಸು ಅಲ್ಲಿಗೇ ನಿಲ್ಲುವುದಿಲ್ಲ. ತಪ್ಪಲ ಕಿತ್ತು, ಕೊಡವಿ, ಸೂಡು ಕಟ್ಟಿದವಳ ಉಗುರಿನಲ್ಲೂ ಅದೇ ಮಣ್ಣಿರುತ್ತದೆ. ಅವಳ ಕೈಗೆ ತಾಗದಂತೆ ದುಡ್ಡನ್ನು ಗೋಣಿಯ ಮೇಲೆ ಹಾಕುವವರಿದ್ದಾರೆ. ಬಾಗಿಲಿಗೆ ಬಂದು ನೀರು ಕೇಳಿದರೆ ಅವಳಿಗೆಂದೇ ಬೇರೆ ಲೋಟ ಇಟ್ಟವರಿದ್ದಾರೆ. ಕೇಳಿದರೆ, "ನಮಗ ಸ್ವಚ್ಛ ಬೇಕ್ರಿ" ಎನ್ನುತ್ತಾರೆ.

ಇದು ಸ್ವಚ್ಛತೆಯೋ ತಿರಸ್ಕಾರವೋ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ತೊಳೆದ ಮೇಲೆ ಮುಗಿಯಿತೇ? ತಪ್ಪಲವನ್ನು ಎರಡು ನೀರಿನಲ್ಲಿ ತೊಳೆದರೆ ದೇವರ ನೈವೇದ್ಯಕ್ಕಲ್ಲದಿದ್ದರೂ ನಮ್ಮ ಊಟಕ್ಕೆ ಶುದ್ಧವಾಗುತ್ತದೆ. ಅವಳು ಕೈ ತೊಳೆದು ಬಂದರೂ ಲೋಟ ಬೇರೆಯೇ ಉಳಿದರೆ, ಅಲ್ಲಿದ್ದದ್ದು ಮಣ್ಣಲ್ಲ. ಅಸ್ಪೃಶ್ಯತೆಯನ್ನು ನಮ್ಮ ಸಂವಿಧಾನ 1950ರಲ್ಲಿಯೇ ತೆಗೆದುಹಾಕಿತು. ಬೇರೆ ಲೋಟವನ್ನು ಮಾಡದಿಂದ ತೆಗೆಯಬೇಕಾದವರು ಅಡಿಗೆಮನೆಯ ಒಡತಿಯರಾದ ನಾವೇ.

ತಪ್ಪಲ ತೊಳೆದ ನೀರನ್ನು ಬಹಳ ಮನೆಗಳಲ್ಲಿ ಹಿತ್ತಲ ಕರಿಬೇವಿಗೆ ಹಾಕುತ್ತಾರೆ. ಮಣ್ಣು ತನ್ನ ಜಾಗಕ್ಕೆ ಹೋಗುತ್ತದೆ. ಅಷ್ಟು ಗೌರವ ಮಣ್ಣಿಗೆ ಕೊಡಬಲ್ಲ ನಮಗೆ, ಬಾಗಿಲಲ್ಲಿ ನಿಂತವಳಿಗೆ ಮನೆಯ ಲೋಟದಲ್ಲೇ ನೀರು ಕೊಡುವುದು ದೊಡ್ಡ ಕೆಲಸವೇನಲ್ಲ.