ಎರಡು ಹೆಸರಿನವರ ದೇವರು

ಒಬ್ಬ ಮನುಷ್ಯನಿಗೆ ಎರಡು ಹೆಸರಿದ್ದರೆ ಅವನು ಸುಳ್ಳುಗಾರ ಆಗ್ತಾನೆಯೆ? ಮೇಲಿನವರ ದೇವರಿಗೆ ಸಾವಿರ ಹೆಸರು. ಬೆಳಿಗ್ಗೆ ಎದ್ದ ಕೂಡಲೇ ಧ್ವನಿವರ್ಧಕದಲ್ಲಿ ಅಷ್ಟನ್ನೂ ಕೇಳಿಸ್ತಾರೆ, ಯಾರೂ ಆ ದೇವರ ಮೇಲೆ ಅನುಮಾನಪಡುವುದಿಲ್ಲ. ಕವಿಗಳಿಗೆ ಕಾವ್ಯನಾಮ ಉಂಟು. ಆದರೆ ನಮ್ಮ ಅಂಬೇವಾಡಿಯ ಸಾಲುಮನೆಯಲ್ಲಿ ಒಬ್ಬ ಮುದುಕ ಒಲೆಯ ಮುಂದೆ ಯೇಸುದಾಸನಾಗಿ, ಶಾಲೆಯ ದಾಖಲಾತಿಯಲ್ಲಿ ಹನುಮಂತನಾಗಿ ಅರವತ್ತು ವರ್ಷ ಬದುಕಿದರೆ ಅದು ಅಪರಾಧದ ಹಾಗೆ ಕಾಣುತ್ತೆ. ಅವನಿಗೇ ಹಾಗೆ ಕಾಣುತ್ತೆ, ಅದೇ ದುಃಖ. ಮಗಳು ಮನೆಯಲ್ಲಿ ರೂತಮ್ಮ, ಹಾಜರಿ ಪುಸ್ತಕದಲ್ಲಿ ರೇಣುಕಾ. ಯಾರಾದರೂ ಬೀದಿಯಲ್ಲಿ ಕೂಗಿದರೆ ಯಾವ ಹೆಸರಿಗೆ ಓ ಅನ್ನಬೇಕು ಅಂತ ಒಂದು ಕ್ಷಣ ನಿಂತು ಯೋಚಿಸುವ ಮಕ್ಕಳನ್ನು ನಾನು ನೋಡಿದ್ದೇನೆ.

ಈ ಪ್ರಶ್ನೆಯನ್ನು ನೀತಿಯ ಪ್ರಶ್ನೆಯಾಗಿಯೇ ಕೇಳಬೇಕು ಅನ್ನುವುದು ನನ್ನ ಹಟ. ಗೆಳೆಯರು ಇದನ್ನು ಬರೀ ಮೀಸಲಾತಿಯ ಲೆಕ್ಕ ಅಂತಾರೆ. ಪಾದ್ರಿಗಳು ಬರೀ ವಿಶ್ವಾಸದ ಕೊರತೆ ಅಂತಾರೆ. ಇಬ್ಬರೂ ಮುದುಕನ ಮುಖ ನೋಡಿಲ್ಲ.

ಅಳ್ನಾವರದಿಂದ ಕಾಡು ಸೀಳಿಕೊಂಡು ಬರುವ ರೈಲು ಹಳಿ ನಮ್ಮೂರಲ್ಲಿ ಮುಗಿಯುತ್ತೆ. 1955ರಲ್ಲಿ ಸ್ಥಾಪನೆಯಾದ ಕಾಗದದ ಮಿಲ್ಲಿನ ಸುತ್ತ ದಾಂಡೇಲಿ ಬೆಳೆಯಿತು. ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು, ಮಲಯಾಳಂ ಎಲ್ಲ ಒಂದೇ ನಳದ ಮುಂದೆ ಜಗಳವಾಡಿ ಒಂದೇ ಭಾಷೆಯಾದ ಊರಿದು. ನನ್ನ ನಾಯನಮ್ಮ, ಅಂದರೆ ಅಪ್ಪನ ಅವ್ವ, ಒಂಗೋಲಿನ ಕಡೆಯಿಂದ ಬಂದವಳು. ಬಿದಿರು ಹೊತ್ತವಳು. ಆ ಬಿದಿರಿನಿಂದ ಆದ ಹಾಳೆಯ ಮೇಲೆ ಒಂದಕ್ಷರ ಬರೆಯಲು ಅವಳಿಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಆ ಹಾಳೆಯ ಮೇಲೆ ಈಗ ನಾನು ಬರೆಯುತ್ತಿರುವುದು ಅವಳ ದೇವರ ಬಗ್ಗೆ.

ಅವಳ ಊರಿನ ಕಡೆ ನಮ್ಮವರು ಯೇಸುವಿನ ಕಡೆ ಹೋದದ್ದು ಯಾವಾಗ ಅಂತ ಪುಸ್ತಕ ಹುಡುಕಿ ಓದಿದೆ. ಯೆರ್ರಗುಂಟ್ಲ ಪೆರಯ್ಯ ಎಂಬ ಮಾದಿಗ, ಚರ್ಮದ ವ್ಯಾಪಾರ ಮಾಡಿಕೊಂಡು ಊರೂರು ತಿರುಗುತ್ತಿದ್ದವನು. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ 1866ರಲ್ಲಿ ಒಂಗೋಲಿಗೆ ಬಂದು ನೆಲೆಸುವ ಮುಂಚೆಯೇ ಈ ಪೆರಯ್ಯ ತಾನಾಗಿ ಹುಡುಕಿಕೊಂಡು ಹೋಗಿ ಈ ಮಾತು ಕೇಳಿಸಿಕೊಂಡಿದ್ದ, ತನ್ನವರಿಗೆ ಹೇಳಿದ್ದ. ನಮ್ಮನ್ನು ಯಾರೋ ಬಂದು ಮರುಳು ಮಾಡಿ ಕರೆದುಕೊಂಡು ಹೋದರು ಅನ್ನುವವರು ಈ ಪೆರಯ್ಯನನ್ನು ಎಲ್ಲಿಡ್ತಾರೆ? 1876ರಿಂದ 78ರ ಬರದಲ್ಲಿ ಜನ ಹುಳುಗಳ ಹಾಗೆ ಸತ್ತರು. ಕ್ಲಫ್ ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗದ ಅಗೆತದ ಗುತ್ತಿಗೆ ಹಿಡಿದು ಮಾದಿಗರಿಗೆ ಕೂಲಿ ಕೊಟ್ಟ. ಬರ ಇರುವಷ್ಟು ದಿನ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಗಂಜಿಗಾಗಿ ಬಂದರು ಅಂತ ಆಗಬಾರದು ಅಂತ. ಬರ ಇಳಿದ ಮೇಲೆ, 1878ರ ಜುಲೈ 3ರಂದು, ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ಮುಳುಗೆದ್ದರು.

ಕ್ಲಫ್‌ನ ಈ ಎಚ್ಚರಿಕೆಯನ್ನು ಎಲ್ಲರೂ ಹೊಗಳ್ತಾರೆ. ನನಗೆ ಅದರಲ್ಲಿ ಒಂದು ಮುಳ್ಳು ಕಾಣುತ್ತೆ. ಹಸಿದವನ ಪ್ರಾರ್ಥನೆ ಸುಳ್ಳು, ಉಂಡವನ ಪ್ರಾರ್ಥನೆ ನಿಜ ಅಂತ ಯಾರು ತೀರ್ಮಾನಿಸಿದವರು? ಹೊಟ್ಟೆ ತುಂಬಿದ ಜಾತಿಗಳು ಮಳೆಗೆ, ಮಗುವಿಗೆ, ಪರೀಕ್ಷೆಗೆ, ಕೋರ್ಟು ಕೇಸಿಗೆ ಹರಕೆ ಹೊರುತ್ತವೆ, ಅದಕ್ಕೆ ಭಕ್ತಿ ಅಂತ ಹೆಸರು. ಮಾದಿಗ ಮರ್ಯಾದೆ ಬೇಕು ಅಂತ ದೇವರ ಹತ್ತಿರ ಹೋದರೆ ಅದಕ್ಕೆ ಆಮಿಷ ಅಂತ ಹೆಸರು. ಯೇಸು ಹೇಳಿಕೊಟ್ಟ ಪ್ರಾರ್ಥನೆಯಲ್ಲೇ ರೊಟ್ಟಿ ಉಂಟಲ್ಲ ಸ್ವಾಮಿ!

ಹೀಗೆ ಹೋದವರನ್ನು ಕಾನೂನು ಏನು ಮಾಡಿತು? 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶದಲ್ಲಿ ಮೂರನೆಯ ಪ್ಯಾರಾ ಅಂತ ಒಂದುಂಟು. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಅದರೊಳಗೆ ಸೇರಿಸಿದರು. ನಮ್ಮ ಗೆಳೆಯರು ಒಂದು ಮಾತು ಮರೀತಾರೆ: ಬಾಬಾಸಾಹೇಬರ ಹಿಂದೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬುದ್ಧನಿಗೆ ಶರಣು ಹೋದವರಿಗೂ ಕೇಂದ್ರದ ಪಟ್ಟಿಯಲ್ಲಿ ಮೂವತ್ತನಾಲ್ಕು ವರ್ಷ ಜಾಗವಿರಲಿಲ್ಲ. ಅವರಲ್ಲೂ ಎರಡು ಹೆಸರಿನವರು ಇದ್ದೇ ಇದ್ದಿರಬೇಕು. ಕ್ರೈಸ್ತರು, ಮುಸಲ್ಮಾನರು ಇನ್ನೂ ಹೊರಗೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿ ಮಾತ್ರ ಒಂದು ವಿಚಿತ್ರ ನಿಜ ಹೇಳುತ್ತೆ. ಉಳಿದ ಕ್ರೈಸ್ತರನ್ನು ಮೂರು-ಬಿಯಲ್ಲಿಟ್ಟು, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಪ್ರವರ್ಗ ಒಂದರಲ್ಲಿ ಬೇರೆ ಇಟ್ಟಿದೆ. ನಾನು ಓದಿದ್ದು ಆ ಪ್ರವರ್ಗದಲ್ಲೇ. ಅಂದರೆ ಯೇಸುವಿನ ಹತ್ತಿರ ಹೋದರೂ ಇವನು ಹೊಲೆಯ, ಮಾದಿಗನಾಗಿಯೇ ಉಳಿದಿದ್ದಾನೆ ಅಂತ ಸರ್ಕಾರದ ಒಂದು ಕಪಾಟಿಗೆ ಗೊತ್ತು. ಪಕ್ಕದ ಕಪಾಟಿಗೆ ಗೊತ್ತಿಲ್ಲ.

ಕೋರ್ಟುಗಳ ಕಥೆ ಇನ್ನೂ ಸ್ವಾರಸ್ಯ. ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆ ಉಂಟು. ಕೋಲಾರದ ಚಿನ್ನದ ಗಣಿಯ ಮೀಸಲು ಕ್ಷೇತ್ರದಿಂದ 1967ರಲ್ಲಿ ಎಸ್. ರಾಜಗೋಪಾಲ್ ಗೆದ್ದರು. 1949ರಲ್ಲಿ ಕ್ರೈಸ್ತರಾಗಿದ್ದವರು, ಆಮೇಲೆ ಹಿಂದೂ ಅಂತ ಹೇಳಿಕೊಂಡವರು. ಸೋತ ಆರ್ಮುಗಂ ಕೋರ್ಟಿಗೆ ಹೋದರು. 1968ರಲ್ಲಿ ಸುಪ್ರೀಂ ಕೋರ್ಟು ಈತ ಆದಿದ್ರಾವಿಡ ಜಾತಿಗೆ ವಾಪಸು ಸೇರಿದ್ದು ರುಜುವಾತಾಗಿಲ್ಲ ಅಂದಿತು. 1972ರಲ್ಲಿ ಮತ್ತೆ ಅದೇ ಇಬ್ಬರು, ಅದೇ ಕ್ಷೇತ್ರ. 1975ರ ಡಿಸೆಂಬರಿನಲ್ಲಿ ಅದೇ ಕೋರ್ಟು, ಜಾತಿಯವರು ಒಪ್ಪಿಕೊಂಡಿದ್ದಾರೆ, ಆದ್ದರಿಂದ ಈತ ಆದಿದ್ರಾವಿಡ ಅಂದಿತು. ಮನುಷ್ಯ ಒಬ್ಬನೇ, ಚರ್ಮ ಅದೇ, ಗಣಿಯ ದೂಳು ಅದೇ. ಮದ್ರಾಸಿನ ರಸ್ತೆ ಬದಿಯ ಚಮ್ಮಾರ ಸೂಸೈ ಅವರದು ಇದಕ್ಕಿಂತ ನೋವಿನ ಕಥೆ. ಸರ್ಕಾರ ಅಲ್ಲಿ ಚಮ್ಮಾರರಿಗೆ ಪುಕ್ಕಟೆ ಗೂಡಂಗಡಿ ಕೊಟ್ಟಿತು, ಸೂಸೈ ಕ್ರೈಸ್ತ ಅಂತ ಇವರಿಗೆ ಕೊಡಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟು, ಮತ ಬದಲಾದ ಮೇಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿದೆ ಅನ್ನುವುದಕ್ಕೆ ಸಾಕಷ್ಟು ದಾಖಲೆ ಇಲ್ಲ ಅಂದಿತು. ಮೆಟ್ಟು ಹೊಲಿಯುವ ಕೈ ಒಂದು ದಾಖಲೆ ಅಲ್ಲ ನೋಡಿ. 2024ರ ನವೆಂಬರಿನಲ್ಲಿ ಪುದುಚೇರಿಯ ಸೆಲ್ವರಾಣಿ ಎಂಬುವರ ಮೊಕದ್ದಮೆಯಲ್ಲಿ, ಹಸುಗೂಸಾಗಿದ್ದಾಗ ಆದ ದೀಕ್ಷಾಸ್ನಾನದ ದಾಖಲೆಯನ್ನೂ ಎತ್ತಿ ಹಿಡಿದು, ನಿಜವಾದ ನಂಬಿಕೆ ಇಲ್ಲದೆ ಮೀಸಲಾತಿಗಾಗಿ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡಿದ ವಂಚನೆ ಎಂಬರ್ಥದ ಮಾತು ಬಂತು.

ವಂಚನೆ. ಈ ಮಾತು ನನ್ನನ್ನು ನಿದ್ದೆಗೆಡಿಸಿದೆ.

ಬೈಬಲಿನಲ್ಲಿ ಸುಳ್ಳಿನ ಕಥೆ ಅಂದ ಕೂಡಲೇ ಪಾದ್ರಿಗಳಿಗೆ ಪೇತ್ರ ನೆನಪಾಗ್ತಾನೆ. ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ, ಕೋಳಿ ಕೂಗುವ ಮುಂಚೆ ಮೂರು ಸಲ ಆ ಮನುಷ್ಯನನ್ನು ಅರಿಯೆ ಅಂದವನು. ಎರಡು ಹೆಸರಿನವರಿಗೆಲ್ಲ ಈ ಕೋಳಿಯನ್ನು ತೋರಿಸಿ ಹೆದರಿಸ್ತಾರೆ. ಆದರೆ ಆ ಅಂಗಳದಲ್ಲಿ ಪೇತ್ರನನ್ನು ಗುರುತು ಹಿಡಿದದ್ದು ಅವನ ಗಲಿಲಾಯದ ಮಾತಿನ ಧಾಟಿಯಿಂದ ಅನ್ನುವುದನ್ನು ಯಾರೂ ಒತ್ತಿ ಹೇಳುವುದಿಲ್ಲ. ನಮ್ಮನ್ನು ಗುರುತು ಹಿಡಿಯುವುದೂ ಹಾಗೇ. ಬಾಯಿ ತೆರೆದರೆ ಕೇರಿ ಗೊತ್ತಾಗುತ್ತೆ. ಹೆಸರು ಎಷ್ಟಿದ್ದರೇನು.

ನಾನು ಧಾರವಾಡದಿಂದ ಬಿ.ಎ. ಮುಗಿಸಿಕೊಂಡು ಬಂದ ಹೊಸದರಲ್ಲಿ ನಾಯನಮ್ಮನ ಹತ್ತಿರ ಈ ವಾದ ತೆಗೆದೆ. ಎರಡು ಹೆಸರಿನವರು ಪಾಪಿಗಳೇನು? ಅವಳು ಪೇತ್ರನನ್ನು ಮುಟ್ಟಲೇ ಇಲ್ಲ. “ನಾಮಾನ ಸಾಹೇಬನ ಕಥಿ ಗೊತ್ತೈತಿಲ್ಲೋ ತಮ್ಮಾ?” ಅಂದಳು. ಅಕ್ಷರ ಬಾರದ ಅವಳು ಹಳೆ ಒಡಂಬಡಿಕೆಯನ್ನು ಕಿವಿಯಲ್ಲಿ ಓದಿಕೊಂಡವಳು.

ನಾಮಾನ ಅರಾಮ್ ದೇಶದ ಸೇನಾಪತಿ, ಕುಷ್ಠರೋಗಿ. ಇಸ್ರಾಯೇಲಿನಿಂದ ಹಿಡಿದು ತಂದಿದ್ದ ಒಬ್ಬ ಜೀತದ ಹುಡುಗಿಯ ಮಾತು ಕೇಳಿ ಪ್ರವಾದಿ ಎಲೀಷನ ಬಳಿ ಹೋದ. ಯೊರ್ದಾನ್ ಹೊಳೆಯಲ್ಲಿ ಏಳು ಸಲ ಮುಳುಗಿ ವಾಸಿಯಾದ. ಇನ್ನು ಮೇಲೆ ಈ ದೇವರೇ ನನ್ನ ದೇವರು ಅಂದ. ಅಷ್ಟು ಹೇಳಿ ಒಂದು ಸಂಕೋಚದ ಮಾತೂ ಕೇಳಿದ. ನನ್ನ ಒಡೆಯ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಊರಿಕೊಳ್ತಾನೆ, ಅವನು ಬಗ್ಗಿದರೆ ನಾನೂ ಬಗ್ಗಬೇಕಾಗುತ್ತೆ, ಇದೊಂದನ್ನು ಕರ್ತನು ಕ್ಷಮಿಸಲಿ. ಎಲೀಷ ಏನಂದ? ಬೈಯಲಿಲ್ಲ. ಕೆಲಸ ಬಿಡು ಅನ್ನಲಿಲ್ಲ. ಸಮಾಧಾನದಿಂದ ಹೋಗು ಅಂದ.

“ಒಡೆಯಾನ ಕೈ ಯಾರ ಮ್ಯಾಲೆ ಐತಿ, ಅವರು ಬಗ್ಗೂದು ಬ್ಯಾರೆ. ದೇವರು ಮೊಣಕಾಲು ನೋಡಂಗಿಲ್ಲ, ಹೆಗಲ ಮ್ಯಾಲಿನ ಕೈ ನೋಡತಾನ” ಅಂದಳು ಮುದುಕಿ.

ಮಿಲ್ಲಿನ ಭೊಂಗಾ ಕೇಳಿ ದಿನದ ಲೆಕ್ಕ ಹಿಡಿದ ಹೆಂಗಸು ಹೇಳಿದ ಈ ಮಾತಿನಲ್ಲಿ ನಾನು ಓದಿದ ನೀತಿಶಾಸ್ತ್ರದ ಪಾಠಕ್ಕಿಂತ ಹೆಚ್ಚು ತೂಕವಿದೆ. ಸುಳ್ಳಿಗೆ ಒಬ್ಬನೇ ಅಪ್ಪ ಇರುವುದಿಲ್ಲ. ನಿಜ ಹೇಳಿದರೆ ಅನ್ನ ಕಿತ್ತುಕೊಳ್ತೇನೆ ಅಂತ ಮೊದಲೇ ಬರೆದಿಟ್ಟವನು, ಆಮೇಲೆ ನೀನು ಸುಳ್ಳು ಹೇಳಿದೆ ಅಂತ ಬೆರಳು ತೋರಿಸಿದರೆ ಆ ಬೆರಳಿಗೆ ಯಾವ ಅಧಿಕಾರ? ವಂಚನೆ ಅಂದರೆ ನನ್ನದಲ್ಲದ್ದನ್ನು ನಾನು ಪಡೆಯುವುದು. ಸೂಸೈ ಅವರಿಗೆ ಆ ಗೂಡಂಗಡಿ ಯಾಕೆ ಅವರದಲ್ಲ? ಅಸ್ಪೃಶ್ಯತೆಗೆ ಕೊಡುವ ಪರಿಹಾರ ಪ್ರಾರ್ಥನೆಯ ಭಾಷೆ ನೋಡಿ ಕೊಡುವಂಥದ್ದೇನು? ಗುಂಡು ತಾಗಿದವನಿಗೆ ನೀನು ಯಾವ ದೇವರನ್ನು ಕೂಗಿದೆ ಅಂತ ಕೇಳಿ ಪಟ್ಟಿ ಕಟ್ಟುವ ಡಾಕ್ಟರು ಇವರು.

ಆದರೆ ಅದೇ ಅಧ್ಯಾಯದಲ್ಲಿ ಗೇಹಜಿಯೂ ಇದ್ದಾನೆ. ಎಲೀಷನ ಆಳು. ಪ್ರವಾದಿ ಬೇಡ ಅಂದಿದ್ದ ಕಾಣಿಕೆಯನ್ನು ಬಿಡಲಾರದೆ ನಾಮಾನನ ಹಿಂದೆ ಓಡಿಹೋಗಿ, ಸುಳ್ಳು ಹೇಳಿ, ಎರಡು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ಹೊಡೆದುಕೊಂಡವನು. ನಾಮಾನನನ್ನು ಬಿಟ್ಟ ಕುಷ್ಠ ಅವನಿಗೆ ಅಂಟಿತು. ಗೆಳೆಯರೇ, ನಮ್ಮೊಳಗೆ ಗೇಹಜಿಗಳಿಲ್ಲ ಅಂತ ನಾನು ಹೇಳಲಾರೆ. ಎರಡನೆಯ ಹೆಸರಿನಿಂದ ಮೇಲೆ ಹೋಗಿ, ಆಮೇಲೆ ಕೇರಿಯ ಹೆಸರನ್ನೂ ಶಿಲುಬೆಯನ್ನೂ ಒಟ್ಟಿಗೆ ಒರೆಸಿಹಾಕಿ, ಒಂದೇ ಹೆಸರಿನಲ್ಲಿ ಉಳಿದು ಒಣಗಿದವರನ್ನು ದಡ್ಡರು ಅಂತ ನಗುವವರುಂಟು. ಕಾನೂನಿನ ಕೈ ಹೆಗಲ ಮೇಲಿಂದ ತೆಗೆದರೂ ಬಗ್ಗಿಯೇ ಇರುವವರು ಅವರು. ನಾಮಾನನ ಮೊಣಕಾಲು ಯಾವುದು, ಗೇಹಜಿಯ ಓಟ ಯಾವುದು ಅನ್ನುವುದನ್ನು ತಹಶೀಲ್ದಾರ ಹೇಳಲಾರ. ಪಾದ್ರಿಯೂ ಹೇಳಲಾರ. ಅದನ್ನು ಅಳೆಯುವ ಹಕ್ಕು ಇರುವುದು ಒಂದೇ ಹೆಸರಿನಲ್ಲಿ ಉಳಿದ ನಾಯನಮ್ಮನಂಥವರಿಗೆ. ಅವರು ಅಳೆಯಲು ಹೋಗುವುದಿಲ್ಲ, ಅದು ಬೇರೆ ಮಾತು.

ಹರೆಯದಲ್ಲಿ ಈ ಎರಡು ಹೆಸರು ಅಷ್ಟೇನೂ ಭಾರ ಅನಿಸುವುದಿಲ್ಲ. ಅರ್ಜಿ ಹಾಕುವ ವಯಸ್ಸು, ನಗುತ್ತಲೇ ಸಾಗುತ್ತೆ. ಕಷ್ಟ ಶುರುವಾಗುವುದು ಮುಪ್ಪಿನಲ್ಲಿ. ಮುದುಕರಿಗೆ ಕೂತಲ್ಲಿ ಕೂತು ಹೆಸರು ನೆನಪಾಗುತ್ತೆ. ಕೈಕಾಲು ಹೋದ ಮೇಲೆ ಉಳಿಯುವ ಆಸ್ತಿ ಅದೊಂದೇ. ನಮ್ಮ ಸಾಲಿನಲ್ಲಿ ಒಬ್ಬ ಹಿರಿಯ ತೀರಿಕೊಂಡಾಗ ಮಕ್ಕಳಿಗೆ ಬಂದ ಗೊಂದಲ ನೋಡಬೇಕಿತ್ತು. ಗೋರಿಯ ಮೇಲೆ ಶಿಲುಬೆ ಇಡಬೇಕೋ ಬೇಡವೋ? ಯಾರಾದರೂ ಮೊಬೈಲಿನಲ್ಲಿ ಫೋಟೋ ತೆಗೆದು, ಹಿರಿಮಗನ ನೌಕರಿಗೆ ಕುತ್ತು ತಂದರೆ? ಮಣ್ಣು ಒಣಗುವ ತನಕ ಏನೂ ಇಡಲಿಲ್ಲ. ಆಮೇಲೂ ಇಡಲಿಲ್ಲ. ಸತ್ತವನು ಸಹ ಸಾಕ್ಷಿಯಾಗಿಬಿಡ್ತಾನೆ ಅಂತ ಹೆದರುವ ಮಕ್ಕಳಿಗೆ ಅಪ್ಪನ ಮೇಲೆ ಪ್ರೀತಿ ಇಲ್ಲ ಅನ್ನಬೇಡಿ. ಅವನ ಹೆಂಡತಿ ಮಾತ್ರ ದಿನಾ ಸಂಜೆ ಎರಡು ಕಡ್ಡಿಯನ್ನು ಅಡ್ಡಡ್ಡ ಇಟ್ಟು ಬರುತ್ತಿದ್ದಳು. ಗಾಳಿಗೆ ಹೋಗ್ತಿತ್ತು. ಮತ್ತೆ ಇಡ್ತಿದ್ದಳು.

ಸಭೆಯವರಾದರೂ ಈ ಹೆಸರನ್ನು ಎತ್ತಿ ಹಿಡಿದರೇ? ತಿರುಚಿರಾಪಳ್ಳಿಯ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಹೆಣಕ್ಕೂ ಮೇಲಿನವರ ಹೆಣಕ್ಕೂ ನಡುವೆ ಗೋಡೆ ಕಟ್ಟಿದ್ದು ಹಿಂದೂಗಳಲ್ಲ. ಭಾರತದ ಕಥೋಲಿಕ ಬಿಷಪರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿ ಪ್ರಕಟಿಸಿ, ತಮ್ಮೊಳಗೂ ಅಸ್ಪೃಶ್ಯತೆ ಉಂಟು ಅಂತ ಬರಹದಲ್ಲಿ ಒಪ್ಪಿಕೊಂಡಿತು. 2022ರಲ್ಲಿ ಹೈದರಾಬಾದಿನ ಆಂಥೋಣಿ ಪೂಲಾ ಕಾರ್ಡಿನಲ್ ಆದರು, ದಲಿತರಲ್ಲಿ ಮೊದಲಿಗರು. ಸಂತೋಷ. ಆದರೆ ನಮ್ಮ ಕಡೆ ಮದುವೆಯ ಮಾತು ಬಂದಾಗ “ನೀವು ಯಾವಾಗಿನ ಕ್ರೈಸ್ತರು?” ಅಂತ ಕೇಳುವ ಬಾಯಿ ಇನ್ನೂ ಮುಚ್ಚಿಲ್ಲ. ಆ ಪ್ರಶ್ನೆ ದೇವರನ್ನು ಕುರಿತದ್ದಲ್ಲ. ಚರ್ಮ ಹದ ಮಾಡಿದ ಅಜ್ಜ ಎಷ್ಟು ತಲೆಮಾರು ದೂರ ಅಂತ ಎಣಿಸುವ ಉಪಾಯ ಅದು.

ನಾನು ಅಂಬೇಡ್ಕರರನ್ನು ಓದಿದವನು. ಭಾನುವಾರ ಪ್ರಾರ್ಥನೆಗೆ ಹೋಗುವುದು ಬಿಟ್ಟು ವರ್ಷಗಳಾದವು. ಒಮ್ಮೆ ನಾಯನಮ್ಮನಿಗೆ ಚೇಷ್ಟೆಗೆ ಅಂದೆ, ಬೌದ್ಧರಾಗಿಬಿಡೋಣ, ಪರಿಶಿಷ್ಟ ಜಾತಿಯ ಸರ್ಟಿಫಿಕೇಟೂ ಸಿಗುತ್ತೆ, ಬುದ್ಧನೂ ಸಿಗ್ತಾನೆ. ಅವಳು ಅಡಿಕೆ ಕುಟ್ಟುವುದು ನಿಲ್ಲಿಸಿ, “ಬುದ್ಧ ಛಲೋ ಮನಷಾ ಅಂತಾರ. ಸರ್ಟಿಫಿಕೇಟಿನ ಸಲುವಾಗಿ ಬಂದ್ಯಾ ಅಂತ ಅವ ಕೇಳಿದರ ಏನ್ ಹೇಳ್ತಿ?” ಅಂದಳು. ಬಾಬಾಸಾಹೇಬರು 1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯಲಾರೆ ಅಂದು ಇಪ್ಪತ್ತೊಂದು ವರ್ಷ ಯೋಚಿಸಿದರು. ಆ ಇಪ್ಪತ್ತೊಂದು ವರ್ಷ ಈ ಮುದುಕಿಗೆ ಅರ್ಥವಾಗುವಷ್ಟು ನನಗೆ ಆಗಿಲ್ಲ ಅನಿಸುತ್ತೆ.

2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಮತಕ್ಕೂ ಪರಿಶಿಷ್ಟ ಜಾತಿಗೂ ಇರುವ ಗಂಟು ಬಿಚ್ಚಿ ಅಂತ ಬರೆದುಕೊಟ್ಟಿತ್ತು. ಯಾರೂ ಬಿಚ್ಚಲಿಲ್ಲ. 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ಅದೇ ಪ್ರಶ್ನೆಯನ್ನು ಮತ್ತೆ ನೋಡಲು ನೇಮಕವಾಯಿತು. ಮೂರನೆಯ ಪ್ಯಾರಾ ಹೋಗಬೇಕು ಅನ್ನುವುದರಲ್ಲಿ ದಲಿತ ಸಂಘಟನೆಯ ನಮ್ಮ ಗೆಳೆಯರು ತುಟಿ ಬಿಗಿಹಿಡಿಯಬಾರದು. ಪಾಲು ಕಡಿಮೆಯಾಗುತ್ತೆ ಅನ್ನುವ ಭಯ ನಿಜವೇ, ಹಂಚುವ ರೊಟ್ಟಿಯನ್ನೇ ದೊಡ್ಡದು ಮಾಡಿ ಅಂತ ಒಟ್ಟಿಗೆ ಕೇಳೋಣ. ಯೇಸುದಾಸನನ್ನು ಹೊರಗೆ ನಿಲ್ಲಿಸಿ ಹನುಮಂತನನ್ನು ಮಾತ್ರ ಒಳಗೆ ಕರೆಯುವ ಸಾಲಿನಲ್ಲಿ ನಾವೂ ನಿಂತರೆ ಆ ಮೇಲಿನವರಿಗೂ ನಮಗೂ ಏನು ಫರಕು?

ಆಯೋಗದ ಸುದ್ದಿಯನ್ನು ನಾಯನಮ್ಮನಿಗೆ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡಳು.

“ಅವರು ಅಂಬೇವಾಡಿಗೂ ಬರ್ತಾರೇನು?”

“ಗೊತ್ತಿಲ್ಲ.”

“ಬಂದರ ಚಾ ಮಾಡಬೇಕು. ನಮ್ಮ ಗಿಲಾಸಿನ್ಯಾಗ ಕುಡೀತಾರೋ ಏನ್ ಬ್ಯಾರೆ ತರಸಬೇಕೋ, ಮದಲs ಕೇಳಿಕೊಂಡು ಬಾ.”