ಬಂಧನವೂ ಅಹಿಂಸೆಯೂ

ನಮ್ಮ ಬಂಧುವರ್ಗದ ಯುವತಿಯೊಬ್ಬಳು ಮನೋರೋಗಿಗಳ ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿ. ದಶಲಕ್ಷಣ ಪರ್ವಕ್ಕೆ ಊರಿಗೆ ಬಂದಿದ್ದಾಗ ನನ್ನನ್ನು ಕೇಳಿದಳು: "ದೊಡ್ಡಪ್ಪಾ, ರಾತ್ರಿ ಪಾಳಿಯಲ್ಲಿ ಒಬ್ಬ ಗಾಜಿನ ಚೂರನ್ನು ಕುತ್ತಿಗೆಗೆ ಹಿಡಿದುಕೊಂಡಿದ್ದ. ಅದನ್ನು ಕಸಿದು, ವೈದ್ಯರ ಅಪ್ಪಣೆ ಪಡೆದು, ಅವನ ಕೈಕಾಲುಗಳನ್ನು ಮಂಚಕ್ಕೆ ಕಟ್ಟಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅಣುವ್ರತ ಹಿಡಿದವಳು ಹೀಗೆ ಮಾಡಬಹುದೇ?"

ಪ್ರಶ್ನೆ ಹಗುರವಾದುದಲ್ಲ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ. ಆದರೆ ಕೆಲವು ವ್ಯಾಖ್ಯಾನಕಾರರು ಅದರಲ್ಲಿಯೂ ಸಾಪೇಕ್ಷ, ನಿರಪೇಕ್ಷ ಎಂಬ ಭೇದವನ್ನು ಕಂಡರು. ಬೆಂಕಿ ಬಿದ್ದರೆ ಬಿಚ್ಚಿಕೊಳ್ಳುವಂತೆ ಸಡಿಲವಾಗಿ ಕಟ್ಟಿದ್ದು ಸಾಪೇಕ್ಷ. ನಿರ್ದಯವಾಗಿ ಬಿಗಿದದ್ದು ನಿರಪೇಕ್ಷ. ಹಟ್ಟಿಯ ದನಗಳನ್ನು ಕುರಿತ ಮಾತೆಂದು ನಾನು ಬಹುಕಾಲ ಓದಿ ಮುಂದೆ ಸಾಗಿದ್ದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಹೊತ್ತಿ 28 ಮಂದಿ ಮನೋರೋಗಿಗಳು ದಹಿಸಿಹೋದರು. ಅವರನ್ನು ಸರಪಳಿಯಲ್ಲಿ ಬಿಗಿದಿದ್ದರು. ಆ ಮೇಲೆ ಆ ವಾಕ್ಯವನ್ನು ಹಾಗೆ ದಾಟಿ ಹೋಗಲಾಗಲಿಲ್ಲ.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಸರಪಳಿಯನ್ನು ಯಾವ ರೂಪದಲ್ಲಿಯೂ ಒಪ್ಪುವುದಿಲ್ಲ. ರೋಗಿಗೋ ಇತರರಿಗೋ ಒದಗಿದ ಸನ್ನಿಹಿತ ಅಪಾಯವನ್ನು ತಡೆಯಲು ಅನ್ಯಮಾರ್ಗವಿಲ್ಲದಿದ್ದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಅಗತ್ಯವಿದ್ದಷ್ಟೇ ಹೊತ್ತು ಕಟ್ಟಬಹುದು. ಶಿಕ್ಷೆಗಾಗಿ ಕಟ್ಟಕೂಡದು, ಸಿಬ್ಬಂದಿ ಸಾಲದೆಂಬುದೂ ನೆಪವಾಗದು. ಕಟ್ಟಿದ ಕಾರಣವನ್ನು ಕಡತದಲ್ಲಿ ದಾಖಲಿಸಲೇಬೇಕು. ಜಮಾ-ಖರ್ಚು ಬರೆದೇ ಕೂದಲು ನರೆತ ನನಗೆ ಈ ನಿಯಮ ಬಹಳ ಹಿಡಿಸಿತು. ಬರೆಯಬೇಕೆಂದು ಗೊತ್ತಿದ್ದರೆ ಕೈ ತಾನಾಗಿ ತಡೆಯುತ್ತದೆ.

"ಆ ರಾತ್ರಿ ಎಷ್ಟು ಜನರಿದ್ದಿರಿ?" ಎಂದೆ. ಇಬ್ಬರು ಶುಶ್ರೂಷಕಿಯರು, ಒಬ್ಬ ಸಹಾಯಕ. ಅವನ ಬಳಿ ಕುಳಿತು ಸಮಾಧಾನವಾಗಿ ಮಾತನಾಡಲು ಇನ್ನೊಬ್ಬರಿದ್ದಿದ್ದರೆ ಕಟ್ಟುವ ಪ್ರಸಂಗವೇ ಬರುತ್ತಿರಲಿಲ್ಲವೇನೋ ಎಂಬ ಸಂಶಯವೇ ಅವಳನ್ನು ಕೊರೆಯುತ್ತಿತ್ತು. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಅವಳ ಪಾಲಿಗೆ ಬಂದದ್ದು ಮೊದಲನೆಯದು. ಮೂವರನ್ನೇ ನೇಮಿಸಿ ನಿಶ್ಚಿಂತೆಯಿಂದ ಮಲಗಿದವರದು ಕಾರಿತ. 'ಹುಚ್ಚರನ್ನು ಕಟ್ಟಿಯೇ ಇಡಬೇಕು' ಎಂದು ಜಗಲಿಯ ಮೇಲೆ ಕುಳಿತು ಮಾತನಾಡುವ ನಮ್ಮದು ಅನುಮೋದಿತ. ಕಳವಳಪಡುತ್ತಿದ್ದವಳು ಮಾತ್ರ ಅವಳೊಬ್ಬಳೇ.

ಕಟ್ಟಿದ ಮೇಲೆ ಅವಳು ಅಲ್ಲಿಂದ ಕದಲಲಿಲ್ಲವಂತೆ. ಬೆರಳುಗಳು ಬಣ್ಣಗೆಟ್ಟಿವೆಯೇ ಎಂದು ಮತ್ತೆ ಮತ್ತೆ ನೋಡಿದಳು, ನೀರು ಕುಡಿಸಿದಳು, ಅವನು ಶಾಂತನಾದೊಡನೆ ವೈದ್ಯರಿಗೆ ತಿಳಿಸಿ ಬಿಚ್ಚಿದಳು. ಬೆಳಿಗ್ಗೆ ಎದ್ದು ಅವನು, ಕಟ್ಟಿದವರು ಯಾರೆಂದು ಕೇಳಿದ. "ನಾನೇ" ಎಂದಳಂತೆ.